ಗೋಡೆ, ಅಟ್ಟ, ಪೆಟ್ಟಿಗೆ: ಸುಬ್ರಹ್ಮಣ್ಯ ಸೀಮೆಯ ಮನೆಗಳಲ್ಲಿ ಶಿಶುಚಿತ್ರಗಳ ಗತಿ

೧

ಒಂದು ನಾಡಿನ ಕಲೆಯ ಚರಿತ್ರೆಯನ್ನು ಬರೆಯಹೊರಟವರು ಗುಡಿಗಳ ಭಿತ್ತಿಗಳನ್ನೂ ಅರಮನೆಗಳ ಚಿತ್ರಶಾಲೆಗಳನ್ನೂ ಓಲೆಯ ಕಟ್ಟುಗಳನ್ನೂ ಹುಡುಕುವುದು ವಾಡಿಕೆ. ಆದರೆ ಯಾರ ಅಪ್ಪಣೆಗೂ ಕಾಯದೆ, ಯಾರ ಪೋಷಣೆಯನ್ನೂ ಬಯಸದೆ, ಎಲ್ಲ ಕಾಲದಲ್ಲಿಯೂ ಎಲ್ಲ ಮನೆಗಳಲ್ಲಿಯೂ ಚಿತ್ರ ಬರೆಯುತ್ತ ಬಂದಿರುವ ಒಂದು ವರ್ಗವುಂಟು. ಎರಡು ಮೂರು ವರ್ಷದಿಂದ ಏಳೆಂಟು ವರ್ಷದ ವರೆಗಿನ ಮಕ್ಕಳೇ ಆ ವರ್ಗ. ಇವರು ಬರೆದುದರ ಮೊತ್ತವು ಎಲ್ಲ ಶಿಲ್ಪಿಗಳ, ಚಿತ್ರಕಾರರ ಕೃತಿಗಳ ಮೊತ್ತಕ್ಕಿಂತ ಹೆಚ್ಚಾಗಿದ್ದಿರಬೇಕು. ಉಳಿದುದಾದರೋ ಇಲ್ಲವೆನ್ನುವಷ್ಟು ಅಲ್ಪ. ಹಾಗಾದುದೇಕೆ, ಮಗುವಿನ ಕೈಯಿಂದ ಹೊರಟ ಚಿತ್ರವನ್ನು ಮನೆಯು ಎಲ್ಲಿ ಇಟ್ಟಿತು, ಯಾರಿಗೆ ತೋರಿಸಿತು, ಯಾವಾಗ ಅಳಿಸಿತು ಎಂಬುದು ಕ್ಷುಲ್ಲಕವಾದ ಪ್ರಶ್ನೆಯೆಂದು ಮೊದಲಿಗೆ ತೋರಬಹುದು. ಶೈಶವದ ಚರಿತ್ರೆಯನ್ನು ಬರೆಯುವುದು ಸಾಧ್ಯವೇ ಅಲ್ಲವೇ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ವಿಚಾರಕ್ಕೆ ಒಂದು ಎಲ್ಲೆ ಬೇಕಾದುದರಿಂದ ಇಲ್ಲಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ಕೂಡಿದ ಘಟ್ಟದ ತಪ್ಪಲಿನ ಸೀಮೆಯನ್ನು ಮುಖ್ಯವಾಗಿ ತೆಗೆದುಕೊಳ್ಳಲಾಗಿದೆ. ಕುಮಾರಧಾರೆಯ ದಡದ ಸುಬ್ರಹ್ಮಣ್ಯವು ಇದರ ಮೂಡಣ ತುದಿ. ಪುತ್ತೂರು ಪಡುವಣ ತುದಿ. ಈ ಆಯ್ಕೆಗೆ ಎರಡು ಕಾರಣಗಳುಂಟು. ಚಿತ್ರವನ್ನು ಬರೆದು ಅಳಿಸುವುದೇ ವಿಧಿಯಾಗಿರುವ ಒಂದು ಶಿಷ್ಟವಾದ ಕಲಾಸಂಪ್ರದಾಯವು ಸುಬ್ರಹ್ಮಣ್ಯದಲ್ಲಿ ಇಂದಿಗೂ ನಡೆದಿದೆ. ಮಕ್ಕಳ ಕೈಗೂ ಕಣ್ಣಿಗೂ ಸ್ವಾತಂತ್ರ್ಯ ಬೇಕೆಂದು ಕನ್ನಡನಾಡಿನಲ್ಲಿ ಮೊದಲಾಗಿ ಗಟ್ಟಿಯಾಗಿ ವಾದಿಸಿದವರಲ್ಲೊಬ್ಬರಾದ ಶಿವರಾಮ ಕಾರಂತರ ಬಾಲವನವು ಹುಟ್ಟಿದುದು ಪುತ್ತೂರಿನಲ್ಲಿ.

ಮುಂದೆ ಹೋಗುವ ಮೊದಲು ಭಾಷೆಯ ಒಂದು ಸಾಕ್ಷ್ಯವನ್ನು ಗಮನಿಸಬೇಕು. ಕನ್ನಡದಲ್ಲಿ ಅಕ್ಷರವನ್ನೂ ‘ಬರೆ’ಯುತ್ತಾರೆ, ಚಿತ್ರವನ್ನೂ ‘ಬರೆ’ಯುತ್ತಾರೆ. ಸಂಸ್ಕೃತದ ‘ಲಿಖ್’ ಧಾತುವಿಗೂ ಗೀರುವುದು, ಬರೆಯುವುದು, ಚಿತ್ರಿಸುವುದು ಎಂಬ ಅರ್ಥಗಳೆಲ್ಲವೂ ಉಂಟು. ಮಗುವಿನ ಕೈಯಲ್ಲಿಯೂ ಇವೆರಡು ಕ್ರಿಯೆಗಳು ಮೊದಲಿಗೆ ಬೇರೆಯಾಗಿರುವುದಿಲ್ಲ. ‘ಠ’ಕಾರವನ್ನು ತಿದ್ದುವ ಕೈಯೇ ಅದಕ್ಕೆ ಎರಡು ಕಣ್ಣನ್ನಿಟ್ಟು ಮುಖವಾಗಿಸುತ್ತದೆ. ಆದರೆ ಮನೆಯ ಹಿರಿಯರು ಇವನ್ನು ಬೇಗನೆ ಬೇರ್ಪಡಿಸುತ್ತಾರೆ. ಅಕ್ಷರಕ್ಕೆ ಉಳಿದುದು ‘ಬರಹ’ವೆಂಬ ಗೌರವದ ಹೆಸರು, ಮಗುವಿನ ಚಿತ್ರಕ್ಕೆ ಸಿಕ್ಕಿದುದು ‘ಗೀಚು’ ಎಂಬ ತಿರಸ್ಕಾರದ ಹೆಸರು. ಯಾವುದನ್ನು ಪೆಟ್ಟಿಗೆಯಲ್ಲಿಡಬೇಕು, ಯಾವುದನ್ನು ಒದ್ದೆ ಬಟ್ಟೆಯಿಂದ ಒರಸಬೇಕು ಎಂಬ ತೀರ್ಪು ಈ ಹೆಸರುಗಳಲ್ಲಿಯೇ ಅಡಗಿದೆ.

೨

ಹಿಂದಿನ ಕಾಲದ ಮಗುವು ಯಾವುದರ ಮೇಲೆ ಬರೆಯುತ್ತಿತ್ತು? ವಿಜಯದಶಮಿಯ ವಿದ್ಯಾರಂಭದಲ್ಲಿ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ. ಆ ಮೇಲೆ ಐಗಳ ಮುಂದೆ ಕುಳಿತು ಮರಳಿನ ಮೇಲೆ. ಅನಂತರ ಬಳಪ ಹಿಡಿದು ಹಲಗೆಯ ಮೇಲೆ. ಮೈಸೂರು ಸೀಮೆಯ ಕಡೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಮಾಡಿದ ಕಡತದ ಬಟ್ಟೆಯಿತ್ತು. ಇವೆಲ್ಲಕ್ಕೂ ಸಾಮಾನ್ಯವಾದ ಲಕ್ಷಣವೆಂದರೆ ಬರೆದುದನ್ನು ಅಳಿಸಿದ ಹೊರತು ಮುಂದಿನದನ್ನು ಬರೆಯಲಾಗದೆಂಬುದು. ಕಲಿಕೆಯೆಂದರೆ ಅಳಿಸುತ್ತ ಹೋಗುವುದು ಎಂಬ ಭಾವನೆಯು ಮಗುವಿಗೆ ಅಕ್ಷರದೊಡನೆಯೇ ಬರುತ್ತಿತ್ತು. ಕರಾವಳಿಯಲ್ಲಿ ಉಳಿಯುವ ವಸ್ತು ಒಂದೇ, ತಾಳೆಯ ಓಲೆ; ಅದರ ಮೇಲೆ ಕಂಟದಿಂದ ಕೊರೆಯುವುದು ಕೈ ಪಳಗಿದವರ ಕೆಲಸ. ಹದಮಾಡಿದ ಓಲೆಯನ್ನು ಮಗುವಿನ ಕೈಗೆ ಆಟಕ್ಕೆ ಕೊಡುವಷ್ಟು ಅಗ್ಗದ ವಸ್ತುವೆಂದು ಯಾವ ಮನೆಯೂ ಎಣಿಸಿರಲಾರದು.

ಇನ್ನುಳಿದುದು ಗೋಡೆ ಮತ್ತು ನೆಲ. ಮುರಕಲ್ಲಿನ ಅಥವಾ ಮಣ್ಣಿನ ಗೋಡೆಗೆ ಸುಣ್ಣವನ್ನೋ ಶೇಡಿಯನ್ನೋ ಬಳಿದು, ನೆಲಕ್ಕೆ ಮಸಿಯನ್ನು ಕೂಡಿಸಿದ ಸೆಗಣಿಯನ್ನು ಸಾರಿಸಿದ ಮನೆಯಲ್ಲಿ ಬಿಳಿಯ ಗೋಡೆಯೂ ಒಲೆಯ ಇದ್ದಲೂ ಮಗುವಿಗೆ ಕೈಗೆಟಕುವ ಸಾಮಗ್ರಿ. ಬಿಳಿಯದರ ಮೇಲೆ ಕರಿಯದನ್ನು, ಕರಿಯದರ ಮೇಲೆ ಬಿಳಿಯದನ್ನು ಬರೆಯುವುದಕ್ಕೆ ಮನೆಯೇ ಹಲಗೆಯಾಗಿತ್ತು. ಆದರೆ ನೆಲದ ಸಾರಣೆ ಮತ್ತೆ ಮತ್ತೆ ನಡೆಯುವಂಥದು. ಗೋಡೆಯ ಸುಣ್ಣ ಹಬ್ಬಕ್ಕೊಮ್ಮೆ. ದೀಪಾವಳಿಯ ನೀರು ತುಂಬುವ ಸಂಜೆ ಬಚ್ಚಲಿನ ಹಂಡೆಗೆ ಶೇಡಿಯಿಂದ ಬಳ್ಳಿಯನ್ನೂ ಚುಕ್ಕಿಯನ್ನೂ ಬರೆದು ಅಲಂಕರಿಸುವಾಗ ಮಕ್ಕಳ ಬೆರಳಿಗೂ ಅವಕಾಶವಿದ್ದಿತು. ವರ್ಷದಲ್ಲಿ ಒಂದು ದಿನ ಮನೆಯು ಮಗುವಿನ ಕೈಬರಹವನ್ನು ಎಲ್ಲರೂ ನೋಡುವ ಸ್ಥಳದಲ್ಲಿ ಒಪ್ಪಿಕೊಂಡುದಕ್ಕೆ ಇದೊಂದು ಉದಾಹರಣೆ. ಮರುದಿನದ ಎಣ್ಣೆಸ್ನಾನದ ಬೆಂಕಿಯಲ್ಲಿ ಅದೂ ಮಸಿಯಾಗುತ್ತಿತ್ತು.

ಇದನ್ನು ಮಕ್ಕಳ ವಿಷಯದ ಅನಾದರವೆಂದು ತಟ್ಟನೆ ಹೇಳುವುದು ಸರಿಯಲ್ಲ. ಸುಬ್ರಹ್ಮಣ್ಯದ ಆಶ್ಲೇಷಾ ಬಲಿಯ ಮಂಡಲವನ್ನಾಗಲಿ, ತುಳುನಾಡಿನ ನಾಗಮಂಡಲವನ್ನಾಗಲಿ ನೋಡಿದವರಿಗೆ ಇದರ ಕಾರಣ ತಿಳಿಯುತ್ತದೆ. ಅಲ್ಲಿ ಅಕ್ಕಿಯ ಹಿಟ್ಟಿನ ಬಿಳಿ, ಅರಿಸಿನದ ಹಳದಿ, ಅರಿಸಿನಕ್ಕೆ ಸುಣ್ಣ ಕೂಡಿಸಿದ ಕೆಂಪು, ಒಣ ಎಲೆಯ ಹಸಿರು, ಇದ್ದಲಿನ ಕಪ್ಪು ಎಂಬ ಐದು ಬಣ್ಣಗಳ ಪುಡಿಯಿಂದ, ಹೆಣೆದುಕೊಂಡ ಸರ್ಪಗಳ ರೂಪವನ್ನು ನುರಿತವರು ಗಂಟೆಗಟ್ಟಲೆ ಕುಳಿತು ಬರೆಯುತ್ತಾರೆ. ಕರ್ಮ ಮುಗಿದೊಡನೆ ಅದನ್ನು ಕದಡಿಬಿಡುತ್ತಾರೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಚಿತ್ರದ ಪ್ರಭೇದಗಳನ್ನು ಹೇಳುವಾಗ ‘ಧೂಳಿಚಿತ್ರ’ವನ್ನೂ ಒಂದಾಗಿ ಎಣಿಸಿದೆ. ಚಿತ್ರಕ್ಕಾಗಿ ಗೋಡೆಯನ್ನು ಸಿದ್ಧಗೊಳಿಸಿ ಬಹುಕಾಲ ನಿಲ್ಲುವಂತೆ ಬರೆಯುವ ವಿಧಾನವನ್ನು ವಿವರಿಸಿದ ಗ್ರಂಥವೇ, ಒಂದು ಗಾಳಿಗೆ ಹಾರಿಹೋಗುವ ಪುಡಿಯ ಚಿತ್ರವನ್ನೂ ಚಿತ್ರವೆಂದು ಮನ್ನಿಸಿತು. ಹೊಸ್ತಿಲ ಮುಂದಿನ ರಂಗವಲ್ಲಿಯೂ ಇದೇ ಜಾತಿಯದು. ಬರೆಯುವ ಕ್ರಿಯೆಯಲ್ಲಿಯೇ ಫಲವಿದೆ, ಬರೆದ ವಸ್ತುವಿನಲ್ಲಿಲ್ಲ ಎಂಬ ದೃಷ್ಟಿಯಿರುವ ಸಮಾಜದಲ್ಲಿ ಮಗುವಿನ ಚಿತ್ರವನ್ನು ಮಾತ್ರ ಕಾಪಾಡಬೇಕೆಂದು ಯಾರಿಗೂ ತೋರದುದು ಸಹಜವೇ.

ಆದರೆ ಈ ಸಮಾಧಾನವನ್ನು ಪೂರ್ತಿಯಾಗಿ ಒಪ್ಪಲಾಗದು. ಏಕೆಂದರೆ ಇದೇ ಮನೆಗಳು ಕಾಪಾಡುವ ವಿದ್ಯೆಯನ್ನು ಚೆನ್ನಾಗಿ ಬಲ್ಲವಾಗಿದ್ದುವು.

೩

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು ೪೦೦೦ ಮಿಲಿಮೀಟರು. ಘಟ್ಟದ ಬುಡದಲ್ಲಿ ಅದಕ್ಕಿಂತಲೂ ಹೆಚ್ಚು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಗೋಡೆ ಬೆವರುತ್ತದೆ, ಬಟ್ಟೆ ಬೂಷ್ಟು ಹಿಡಿಯುತ್ತದೆ. ಮಳೆ ನಿಂತೊಡನೆ ಗೆದ್ದಲಿನ ಕಾಲ. ಇಂತಹ ಹವೆಯಲ್ಲಿಯೂ ಓಲೆಯ ಗ್ರಂಥಗಳು ಶತಮಾನಗಳ ಕಾಲ ಉಳಿದು ಬಂದಿವೆಯಷ್ಟೆ. ಎರಡು ಮರದ ಹಲಗೆಗಳ ನಡುವೆ ಓಲೆಗಳನ್ನಿಟ್ಟು ದಾರ ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಬಜೆಯ ಬೇರನ್ನು ಜೊತೆಗಿಟ್ಟು, ಆಗಾಗ ಹುಲ್ಲೆಣ್ಣೆಯನ್ನು ಸವರಿ, ಅಡಿಗೆಮನೆಯ ಹೊಗೆ ತಾಗುವ ಅಟ್ಟದ ಮೇಲೋ ಪೆಟ್ಟಿಗೆಯಲ್ಲಿಯೋ ಇಡುವ ಕ್ರಮವಿದ್ದಿತು. ನವರಾತ್ರಿಯಲ್ಲಿ ಅವನ್ನು ಕೆಳಗಿಳಿಸಿ, ಧೂಳು ಕೊಡವಿ, ಸರಸ್ವತಿಯ ಹೆಸರಿನಲ್ಲಿ ಪೂಜಿಸಿ, ಮತ್ತೆ ಕಟ್ಟಿಡುವರು. ಪೂಜೆಯೆಂಬ ನೆಪದಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಪರಿಶೀಲನೆಯಿದು. ಯಾವ ಗ್ರಂಥಭಂಡಾರದ ನಿಯಮವೂ ಇದಕ್ಕಿಂತ ಕಟ್ಟುನಿಟ್ಟಾಗಿರಲಾರದು. ಮಕ್ಕಳ ಪಾಠದ ಪುಸ್ತಕಗಳಿಗೂ ಆ ಪೂಜೆಯಲ್ಲಿ ಸ್ಥಾನವುಂಟು. ಮಗುವಿನ ಚಿತ್ರಕ್ಕೆ ಅಲ್ಲಿ ಪೀಠವಿರಲಿಲ್ಲ. ಸಾಮರ್ಥ್ಯದ ಕೊರತೆಯಿಂದ ಅದು ಅಳಿಯಲಿಲ್ಲ. ಅಟ್ಟಕ್ಕೆ ಏರತಕ್ಕದ್ದು ಯಾವುದು ಎಂಬ ಎಣಿಕೆಯಲ್ಲಿ ಅದು ಸೇರಲೇ ಇಲ್ಲ.

ಕಾಗದ ಅಗ್ಗವಾದ ಮೇಲೆಯೂ ಈ ಎಣಿಕೆ ಬದಲಾಗುವುದಕ್ಕೆ ಬಹುಕಾಲ ಹಿಡಿಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯವು ೧೮೪೧ರಲ್ಲಿ ಮೊದಲಾಗಿ, ಕ್ರಮೇಣ ಕನ್ನಡದ ಪಾಠಪುಸ್ತಕಗಳು ಹಳ್ಳಿಹಳ್ಳಿಗೂ ಹೋದುವು. ಜಿಲ್ಲೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ೧೮೫೦ರಲ್ಲಿ ಸ್ಥಾಪಿಸಿದ ಕಲಾಶಾಲೆಯಿಂದ ಹರಡಿದ ಚಿತ್ರಲೇಖನದ ಪಾಠವು ಶಾಲೆಗಳಿಗೆ ಬಂದಾಗ ಅದು ಕಣ್ಣಳತೆಯ, ಸರಳರೇಖೆಯ, ಮಾದರಿಯನ್ನು ನಕಲು ಮಾಡುವ ಪಾಠವಾಗಿಯೇ ಬಂದಿತು. ಘನಾಕೃತಿ, ಹೂಜಿ, ಎಲೆ, ಬಳ್ಳಿಯ ಅಂಚು ಇವನ್ನು ಮೂಲದಂತೆಯೇ ಬರೆದವನಿಗೆ ಅಂಕ. ಹೀಗೆ ಬರೆದ ಹಾಳೆಗಳನ್ನಾದರೆ ಹಿರಿಯರು ಇಟ್ಟುಕೊಂಡರು. ಅದರಲ್ಲಿ ಮಗುವಿನದೆಂಬುದು ಎಷ್ಟು ಕಡಮೆಯಿತ್ತೋ ಅಷ್ಟು ಹೆಚ್ಚಾಗಿ ಅದು ಸಂಗ್ರಹಯೋಗ್ಯವೆನಿಸಿತು!

ಚಾವಡಿಯ ಗೋಡೆಯನ್ನು ನೋಡಿದರೂ ಇದೇ ಕಾಣುತ್ತದೆ. ೧೮೯೪ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಪ್ರಾರಂಭವಾದ ಅನಂತರ ಲಕ್ಷ್ಮಿ ಸರಸ್ವತಿಯರ ಅಚ್ಚಿನ ಪಟಗಳು ಮನೆಮನೆಯ ಗೋಡೆಗೇರಿದುವು. ಅವುಗಳ ಪಕ್ಕದಲ್ಲಿ ಹಿರಿಯರ ಛಾಯಾಚಿತ್ರಗಳು, ಅಂಗಡಿಗಳವರು ಕೊಟ್ಟ ಪಂಚಾಂಗದ ಪಟಗಳು. ಮನೆಯ ಕಿರಿಯರ ಕೈಕೆಲಸವೊಂದು ಈ ಸಾಲಿನಲ್ಲಿ ಗಾಜಿನ ಚೌಕಟ್ಟು ಪಡೆದುದುಂಟು: ಹೆಣ್ಣುಮಕ್ಕಳು ದಾರದಲ್ಲಿಯೋ ಮಣಿಯಲ್ಲಿಯೋ ಹೆಣೆದ ಗಿಳಿಯ ಜೋಡಿ ಅಥವಾ ‘ಸುಸ್ವಾಗತ’ವೆಂಬ ಅಕ್ಷರಗಳು. ಅದನ್ನು ತೂಗುಹಾಕಿದುದು ಹುಡುಗಿಯ ಕಲ್ಪನೆಯನ್ನು ಮೆಚ್ಚಿ ಎನ್ನುವುದಕ್ಕಿಂತಲೂ, ಹೆಣ್ಣು ನೋಡಲು ಬಂದವರಿಗೆ ಅವಳ ನಯಗಾರಿಕೆ ಕಾಣಲೆಂದು ಎಂದರೆ ಸತ್ಯಕ್ಕೆ ಹತ್ತಿರ. ಪ್ರದರ್ಶನವು ಅತಿಥಿಗಾಗಿಯೇ ಹೊರತು ಬರೆದವರಿಗಾಗಿ ಅಲ್ಲ ಎಂಬ ಮಾತು ಇಂದಿನ ಮನೆಗಳ ವಿಷಯದಲ್ಲಿಯೂ ಪೂರ್ತಿ ಸುಳ್ಳಾಗಿಲ್ಲ.

೪

ಪುತ್ತೂರಿನ ಪ್ರಸಂಗಕ್ಕೆ ಈಗ ಬರಬಹುದು. ೧೯೦೨ರಲ್ಲಿ ಕೋಟದಲ್ಲಿ ಹುಟ್ಟಿದ ಕೋಟ ಶಿವರಾಮ ಕಾರಂತರು ತಾರುಣ್ಯದಲ್ಲಿಯೇ ಪುತ್ತೂರಿನ ಸಂಪರ್ಕಕ್ಕೆ ಬಂದರು. ಸಹಕಾರ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಆಸರೆ ಅಲ್ಲಿ ಅವರಿಗೆ ದೊರಕಿತು. ಊರ ಹೊರಗಿನ ಪರ್ಲಡ್ಕದ ಗುಡ್ಡದಲ್ಲಿ ೧೯೩೦ರ ದಶಕದಲ್ಲಿ ಬಾಲವನವು ರೂಪುಗೊಂಡಿತು. ಮನೆ, ಮಕ್ಕಳ ಶಾಲೆ, ರಂಗಪ್ರಯೋಗ ಎಲ್ಲಕ್ಕೂ ಅದೊಂದೇ ಆವರಣ. ಪರೀಕ್ಷೆಗೂ ಬಾಯಿಪಾಠಕ್ಕೂ ಹೊರತಾದ, ಆಟ ಕುಣಿತ ನೋಟಗಳ ಮೂಲಕ ಮಗು ಲೋಕವನ್ನು ಅರಿಯಬೇಕೆಂಬುದು ಅಲ್ಲಿನ ಆಶಯ. ಅದೇ ದಶಕದಲ್ಲಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಅವರು ಒಬ್ಬರೇ ರಚಿಸಿದರು. ಚಿತ್ರಕಲೆಯನ್ನು ಕುರಿತು ಕನ್ನಡದಲ್ಲಿ ಗ್ರಂಥ ಬರೆದವರು, ಮುಂದೆ ತಾವೇ ಕುಂಚ ಹಿಡಿದವರು. ಆದುದರಿಂದ ಮಗುವಿನ ರೇಖೆಯ ಬೆಲೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಮಕ್ಕಳಿಗಾಗಿ ಮಾಡಿದುದು ಬೇರೆ, ಮಕ್ಕಳು ಮಾಡಿದುದು ಬೇರೆ. ಬಂಟ್ವಾಳದಲ್ಲಿ ೧೮೭೪ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರಿಂದ ಮೊದಲುಗೊಂಡು ಕಾರಂತರ ವರೆಗೆ ಈ ಜಿಲ್ಲೆಯು ಕನ್ನಡಕ್ಕೆ ಕೊಟ್ಟ ಬಾಲಸಾಹಿತ್ಯ ಬಹು ದೊಡ್ಡದು. ಅದು ಅಚ್ಚಾಯಿತು, ಹೊಲಿಗೆಯಾಯಿತು, ಪುಸ್ತಕಭಂಡಾರಗಳಿಗೆ ಸೇರಿತು. ಆದುದರಿಂದ ಉಳಿಯಿತು, ಅದಕ್ಕೊಂದು ಚರಿತ್ರೆಯೂ ಹುಟ್ಟಿತು. ಮಕ್ಕಳು ಮಾಡಿದುದಕ್ಕೆ ಅಚ್ಚಿನಮನೆಯಿಲ್ಲ. ಬಾಲವನದಂತಹ ಪ್ರಯೋಗದ ತತ್ತ್ವವೂ ಉಳಿಸುವುದಕ್ಕೆ ಅನುಕೂಲವಾದುದಲ್ಲ: ಮಗು ಕುಣಿಯುವುದು ಮುಖ್ಯ, ಕುಣಿದುದರ ಗುರುತಲ್ಲ, ಬರೆಯುವುದು ಮುಖ್ಯ, ಹಾಳೆಯಲ್ಲ. ಸುಬ್ರಹ್ಮಣ್ಯದ ಮಂಡಲದ ನ್ಯಾಯವೂ ಬಾಲವನದ ನ್ಯಾಯವೂ ಈ ಒಂದು ಸ್ಥಳದಲ್ಲಿ ಕೈಕೈ ಹಿಡಿಯುತ್ತವೆ ಎಂಬುದು ವಿಚಿತ್ರವಾದರೂ ನಿಜ. ವಿಧಿಗೆ ಕಟ್ಟುಬಿದ್ದ ಮಂಡಲವನ್ನೂ ಯಾವ ವಿಧಿಯನ್ನೂ ಒಪ್ಪದ ಕಾರಂತರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದುದಕ್ಕೆ ಕೆಲವರು ಹುಬ್ಬುಗಂಟಿಕ್ಕಬಹುದು. ಹೋಲಿಕೆಯು ವಸ್ತುವಿನದು, ನಂಬಿಕೆಯದಲ್ಲ. ಬಾಲವನವು ಇಂದು ಕಾರಂತರ ಸ್ಮಾರಕವಾಗಿದೆ. ಹಿರಿಯರ ಮನೆ ಸ್ಮಾರಕವಾಗುವುದು ನಮಗೆ ಗೊತ್ತಿರುವ ಕ್ರಮ.

ಮೈಸೂರಿನಲ್ಲಿ ೧೯೨೧ರಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರು ಬಾಲ್ಯದಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಬರೆಯುತ್ತಿದ್ದುದನ್ನೂ, ಶಾಲೆಯಲ್ಲಿ ಬರೆದ ಒಂದು ಅರಳಿ ಎಲೆಯನ್ನು ಉಪಾಧ್ಯಾಯರು ಹೊಗಳಿದುದರಿಂದ ತಾವು ಚಿತ್ರಕಾರನೆಂಬ ಭಾವನೆ ಬಲಿತುದನ್ನೂ ನೆನಪಿಸಿಕೊಂಡಿದ್ದಾರೆ. ಆ ಗೋಡೆಯ ಚಿತ್ರಗಳು ನಮಗೆ ತಲಪಿದುದು ನೆನಪಿನ ಮಾತಾಗಿಯೇ. ಎಲೆಯೂ ಹಾಗೆಯೇ. ಒಬ್ಬ ಪ್ರಸಿದ್ಧರ ವಿಷಯವೇ ಹೀಗಾದರೆ ಉಳಿದವರ ಮಾತನ್ನು ಕೇಳಬೇಕಾಗಿಲ್ಲ.

೫

ಬೇರೆ ದೇಶಗಳಲ್ಲಿಯೂ ಶಿಶುಚಿತ್ರಗಳು ಉಳಿದುದು ಬಹುಮಟ್ಟಿಗೆ ಆಕಸ್ಮಿಕವಾಗಿಯೇ. ರಷ್ಯದ ನವ್ಗೊರೋದ್ ನಗರದಲ್ಲಿ ೧೯೫೦ರ ದಶಕದಲ್ಲಿ ನಡೆದ ಉತ್ಖನನದಲ್ಲಿ ೧೩ನೆಯ ಶತಮಾನದ ಒನ್ಫೀಮ್ ಎಂಬ ಹುಡುಗನ ಭೂರ್ಜಪತ್ರಗಳು ಸಿಕ್ಕಿದುವು. ಆರೇಳು ವರ್ಷದವನೆಂದು ಊಹಿಸಲಾದ ಆ ಹುಡುಗನು ಅಕ್ಷರಮಾಲೆಯನ್ನು ತಿದ್ದುತ್ತ ತಿದ್ದುತ್ತ ನಡುವೆ ಬೇಸತ್ತು, ಕುದುರೆಯೇರಿ ಶತ್ರುವನ್ನು ಈಟಿಯಿಂದ ಇರಿಯುವ ವೀರನನ್ನು ಬರೆದು, ಅದರ ಪಕ್ಕದಲ್ಲಿ ತನ್ನ ಹೆಸರನ್ನೇ ಬರೆದುಕೊಂಡಿದ್ದಾನೆ. ಯಾರೂ ಅದನ್ನು ಕಾಪಾಡಲಿಲ್ಲ, ಎಸೆದರು. ಗಾಳಿಯಾಡದ ಜೌಗು ಮಣ್ಣು ಏಳು ನೂರು ವರ್ಷ ಅದನ್ನು ಹಿಡಿದಿಟ್ಟಿತು. ನಮ್ಮ ಘಟ್ಟದ ತಪ್ಪಲಿನ ಬಿಸಿ ತೇವದ ಮಣ್ಣಿಗಾದರೆ ಎಸೆದ ಓಲೆಯನ್ನು ಅರಗಿಸಿಕೊಳ್ಳಲು ಒಂದೆರಡು ಮಳೆಗಾಲ ಸಾಕು. ಅಲ್ಲಿ ಅನಾದರವೇ ರಕ್ಷಣೆಯಾಯಿತು. ಇಲ್ಲಿ ಆದರದಿಂದಲ್ಲದೆ ಯಾವುದೂ ಉಳಿಯದು.

ಇನ್ನೊಂದು ಉದಾಹರಣೆ ಪ್ರಸಿದ್ಧವಾದುದು. ಚಾರ್ಲ್ಸ್ ಡಾರ್ವಿನ್ ೧೮೫೯ರಲ್ಲಿ ಜೀವಿಗಳ ಉತ್ಪತ್ತಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಮೇಲೆ ಕೈಬರಹದ ಕಟ್ಟನ್ನು ಜೋಪಾನ ಮಾಡಲಿಲ್ಲ. ಹಾಳೆಗಳ ಹಿಂಬದಿ ಖಾಲಿಯಾಗಿದ್ದುದರಿಂದ ಮಕ್ಕಳ ಕೈಗೆ ಹೋಯಿತು. ಹಣ್ಣು ತರಕಾರಿಗಳ ಮೇಲೇರಿ ಯುದ್ಧಮಾಡುವ ಸೈನಿಕರನ್ನು ಅವರು ಅದರ ಮೇಲೆ ಬಣ್ಣದಲ್ಲಿ ಬರೆದರು. ಆ ಮಹಾಗ್ರಂಥದ ಮೂಲಪ್ರತಿಯಲ್ಲಿ ಇಂದು ಉಳಿದಿರುವ ಕೆಲವೇ ಹಾಳೆಗಳಲ್ಲಿ ಹಲವು, ಮಕ್ಕಳ ಚಿತ್ರವಿದೆಯೆಂಬ ಕಾರಣಕ್ಕಾಗಿ ಮನೆಯವರು ಇಟ್ಟುಕೊಂಡುವು. ತಂದೆಯ ಬರಹವನ್ನು ಮಗುವಿನ ಚಿತ್ರ ಉಳಿಸಿತು. ಸರಸ್ವತೀ ಪೂಜೆಯ ಕಟ್ಟಿನಲ್ಲಿ ಬರಹಕ್ಕೆ ಮಾತ್ರ ಸ್ಥಾನ ಕೊಟ್ಟ ಮನೆಗಳವರು ಈ ಕಥೆಯನ್ನು ಕೇಳಬೇಕಾಗಿದ್ದಿತು.

ಶಿಶುಚಿತ್ರವನ್ನು ಶಾಸ್ತ್ರವಾಗಿ ನೋಡಿದ ಮೊದಲ ಗ್ರಂಥಗಳಲ್ಲೊಂದು ಇಟಲಿಯ ಕೊರ‍್ರಾದೊ ರಿಚ್ಚಿ ೧೮೮೭ರಲ್ಲಿ ಪ್ರಕಟಿಸಿದುದು. ಬೊಲೋನ್ಯ ನಗರದಲ್ಲಿ ಮಳೆಗೆ ಸಿಕ್ಕಿ ಒಂದು ಕಮಾನಿನ ಜಗಲಿಯಡಿ ನಿಂತಾಗ ಗೋಡೆಯ ಮೇಲ್ಭಾಗದಲ್ಲಿ ದೊಡ್ಡವರ ಗೀಚುಗಳನ್ನೂ ಕೆಳಗೆ ಮಕ್ಕಳ ಎತ್ತರದಲ್ಲಿ ಮಕ್ಕಳ ಚಿತ್ರಗಳನ್ನೂ ಕಂಡು ಆತನಿಗೆ ಆ ಯೋಚನೆ ಹುಟ್ಟಿತಂತೆ. ವಿಯೆನ್ನಾದ ಫ್ರಾಂಝ್ ಚಿಝೆಕ್ ೧೮೯೭ರಲ್ಲಿ ಮಕ್ಕಳ ಕಲಾವರ್ಗವನ್ನು ತೆರೆದನು. ನಮ್ಮ ದೇಶದಲ್ಲಿ ವ್ಯಂಗ್ಯಚಿತ್ರಕಾರ ಶಂಕರರು ೧೯೪೯ರಲ್ಲಿ ಮಕ್ಕಳ ಚಿತ್ರಸ್ಪರ್ಧೆಯನ್ನು ಮೊದಲು ಮಾಡಿದರು. ಸ್ಪರ್ಧೆಯಿಂದ ಮಗುವಿನ ಚಿತ್ರಕ್ಕೆ ಮಾನ ಬಂದಿತು, ನಿಜ. ಜೊತೆಗೆ ಬಹುಮಾನ ಬರುವಂತಹ ಚಿತ್ರವನ್ನೇ ಇಟ್ಟುಕೊಳ್ಳುವ ಅಭ್ಯಾಸವೂ ಬಂದಿತು. ಹಳೆಯ ನಕಲು ಹಾಳೆಯ ಸ್ಥಾನಕ್ಕೆ ಪ್ರಶಸ್ತಿಪತ್ರದ ಹಾಳೆ ಬಂದಿತೆಂದರೆ ಕಟುವಾದೀತು, ಆದರೆ ತಪ್ಪಾಗದು.

ಇವೆಲ್ಲಕ್ಕಿಂತ ಮನೆಯ ಸಂಗ್ರಹಕ್ಕೆ ನೇರವಾಗಿ ಸಂಬಂಧಿಸಿದುದು ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಬೆಳೆದ ಚಿತ್ರಕಾರ ಪಾಲ್ ಕ್ಲೇಯ ಸಂಗತಿ. ೧೯೦೨ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಹೆತ್ತವರ ಮನೆಯಲ್ಲಿ ತನ್ನ ಶೈಶವದ ಚಿತ್ರಗಳು ಅವನಿಗೆ ಮತ್ತೆ ಸಿಕ್ಕಿದುವು. ಒಂಬತ್ತು ವರ್ಷದ ಮೇಲೆ ತನ್ನ ಕೃತಿಗಳ ಪಟ್ಟಿಯನ್ನು ಬರೆಯತೊಡಗಿದಾಗ ಕಲಾಶಾಲೆಯ ಅಭ್ಯಾಸಗಳಲ್ಲಿ ಹೆಚ್ಚಿನವನ್ನು ಬಿಟ್ಟು ಆ ಬಾಲಚಿತ್ರಗಳಲ್ಲಿ ಕೆಲವನ್ನು ಪಟ್ಟಿಯ ಮೊದಲಿಗಿಟ್ಟನು. ಮನೆಯಲ್ಲಿ ಯಾರೋ ಹಾಳೆಗಳನ್ನು ಎಸೆಯದೆ ಇಟ್ಟುದರಿಂದ ಇಪ್ಪತ್ತನೆಯ ಶತಮಾನದ ಚಿತ್ರಕಲೆಯ ಒಂದು ದಾರಿ ತಿರುಗಿತು. ಹಾಗೆ ಇಟ್ಟವರು ಅದನ್ನು ಎಣಿಸಿಯೇ ಇಟ್ಟರೆಂದು ಭಾವಿಸಬೇಕಾದುದಿಲ್ಲ.

೬

ಇಂದಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಕಾಗದಕ್ಕೂ ಬಣ್ಣಕ್ಕೂ ಬರವಿಲ್ಲ. ಮಗು ಬರೆದುದನ್ನು ಬಾಗಿಲಿಗೂ ಶೀತಪೆಟ್ಟಿಗೆಗೂ ಅಂಟಿಸುವ ರೂಢಿ ಸುಳ್ಯ ಪುತ್ತೂರುಗಳ ಮನೆಗಳಿಗೂ ಬಂದಿದೆ. ಕೈಫೋನಿನಲ್ಲಿ ಚಿತ್ರದ ಚಿತ್ರವನ್ನು ಹಿಡಿದು ಬಂಧುಗಳಿಗೆ ಕಳುಹಿಸಿದ ಮೇಲೆ ಹಾಳೆಯ ಋಣ ತೀರಿತೆಂಬ ಭಾವನೆಯೂ ಬಂದಿದೆ. ಫೋನು ಹಾಳಾದ ದಿನ ಎರಡೂ ಇಲ್ಲವಾಗುತ್ತವೆ. ಇಟ್ಟುಕೊಂಡ ಹಾಳೆಗಳ ಶತ್ರುವಾದರೋ ಹಳೆಯದೇ. ಪ್ಲಾಸ್ಟಿಕ್ಕಿನ ಚೀಲದಲ್ಲಿ ಮಳೆಗಾಲದ ತೇವವನ್ನೂ ಒಳಗೆ ಸೇರಿಸಿ ಬಿಗಿದರೆ ಹಾಳೆ ಬೂಷ್ಟು ಹಿಡಿಯುತ್ತದೆ. ಸೌದೆಯ ಒಲೆ ಹೋಗಿ ಅನಿಲದ ಒಲೆ ಬಂದುದರಿಂದ ಕಣ್ಣಿಗೂ ಶ್ವಾಸಕ್ಕೂ ಹಿತವಾಯಿತು. ಅಟ್ಟಕ್ಕೆ ಹೊಗೆ ತಪ್ಪಿತು, ಗೆದ್ದಲಿಗೆ ದಾರಿ ಸುಲಭವಾಯಿತು. ಬಿಸಿಲು ಕಂಡ ಮೇಲೆ, ನವರಾತ್ರಿಯ ಹೊತ್ತಿಗೆ, ಪೆಟ್ಟಿಗೆ ತೆರೆದು ಗಾಳಿಯಾಡಿಸುವ ಹಳೆಯ ಕ್ರಮವು ಓಲೆಗೆ ಎಷ್ಟು ತಕ್ಕುದೋ ಮಕ್ಕಳ ಹಾಳೆಗೂ ಅಷ್ಟೇ ತಕ್ಕುದು. ಹಾಳೆಯ ಹಿಂದೆ ಮಗುವಿನ ಹೆಸರು, ವಯಸ್ಸು, ತಿಂಗಳು, ‘ಇದು ಏನು’ ಎಂದು ಕೇಳಿದಾಗ ಮಗು ಕೊಟ್ಟ ಉತ್ತರ ಇಷ್ಟನ್ನು ಸೀಸದಕಡ್ಡಿಯಿಂದ ಬರೆದಿಟ್ಟರೆ ಅದು ಪರಿಶೋಧಕನಿಗೆ ದಾಖಲೆಯಾಗುತ್ತದೆ. ಆ ಉತ್ತರವಿಲ್ಲದ ಹಾಳೆಯಲ್ಲಿ ಆನೆಯೋ ಅಜ್ಜಿಯೋ ಎಂಬುದನ್ನು ಹತ್ತು ವರ್ಷದ ಮೇಲೆ ಬರೆದವರೇ ಹೇಳಲಾರರು.

ಎಲ್ಲವನ್ನೂ ಇಡಬೇಕೆಂಬ ವಾದ ಇಲ್ಲಿಲ್ಲ. ದಿನಕ್ಕೆ ಹತ್ತು ಹಾಳೆ ಬರೆಯುವ ಮಗುವಿರುವ ಮನೆಯಲ್ಲಿ ಅದು ಆಗತಕ್ಕ ಮಾತೂ ಅಲ್ಲ. ಯಾವುದನ್ನಿಡಬೇಕೆಂದು ಮಗುವನ್ನೇ ಕೇಳಿದರೆ ಹಿರಿಯರು ಆರಿಸದಂತಹದನ್ನು ಅದು ಆರಿಸುವುದುಂಟು. ಚರಿತ್ರಕಾರನಿಗೆ ಎರಡು ಆಯ್ಕೆಗಳೂ ಬೇಕು.

ಇನ್ನು, ಕಳೆದುಹೋಯಿತೆಂದು ಮೇಲೆ ಹೇಳಿದುದರಲ್ಲಿ ಒಂದು ಭಾಗ ನಿಜವಾಗಿ ಕಳೆದಿರಲಾರದು. ಇದ್ದಲಿನ ಗೆರೆಯನ್ನು ಸುಣ್ಣವು ಮುಚ್ಚುತ್ತದೆಯೇ ಹೊರತು ತಿನ್ನುವುದಿಲ್ಲ. ಇಂಗ್ಲೆಂಡಿನ ಹಳೆಯ ಇಗರ್ಜಿಗಳಲ್ಲಿ ಮತಸುಧಾರಣೆಯ ಕಾಲದಲ್ಲಿ ಬಳಿದ ಸುಣ್ಣದ ಪದರಗಳಡಿಯಿಂದ ಮಧ್ಯಯುಗದ ಭಿತ್ತಿಚಿತ್ರಗಳು ಮತ್ತೆ ಬೆಳಕಿಗೆ ಬಂದಿವೆ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಮುರಕಲ್ಲಿನ ಹಳೆಯ ಮನೆಗಳನ್ನು ಕೆಡವಿ ಕಾಂಕ್ರೀಟಿನ ಮನೆಗಳನ್ನು ಕಟ್ಟುವ ಕೆಲಸ ಈಗ ನಡೆದಿದೆ. ಕೆಡವುವ ಮೊದಲು ಬಾಗಿಲ ದಾರಂದವನ್ನೂ ಕೆತ್ತಿದ ಕಂಬವನ್ನೂ ಬಿಚ್ಚಿಡುವವರಿದ್ದಾರೆ. ಚಾವಡಿಯ ಒಳಗೋಡೆಯಲ್ಲಿ, ನೆಲದಿಂದ ಒಂದೂವರೆ ಮೊಳದಿಂದ ಎರಡು ಮೊಳದ ವರೆಗಿನ ಪಟ್ಟಿಯನ್ನು, ಮಳೆ ಹೊಡೆಯದ ಮೂಲೆಯಲ್ಲಿ, ತೆಳುವಾದ ಅಲಗಿನಿಂದ ಒಂದೊಂದೇ ಪದರ ಬಿಡಿಸಿ ನೋಡುವುದಕ್ಕೆ ಅರ್ಧ ದಿನ ಸಾಕು.